ಪಾರ್ಕಿನಲ್ಲಿ ಮಗಳ ಸ್ಕೂಟರ್ ತಗುಲಿ ಹಿರಿಯರೊಬ್ಬರ ಕೈ ಮುರಿದಿದೆ: ತಂದೆಯಾಗಿ ನನ್ನ ಹೊಣೆ ಎಷ್ಟು?

ಪ್ರಶ್ನೆ: ಜಯನಗರದ ತಂದೆ

ಎಲ್ಲರಿಗೂ ನಮಸ್ಕಾರ. ಹದಿನೈದು ದಿನಗಳಿಂದ ನಮ್ಮ ಮನೆಯಲ್ಲಿ ಯಾರಿಗೂ ಸಮಾಧಾನವಿಲ್ಲ. ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ತಿಳಿಸಿ, ಇಲ್ಲಿರುವ ಪೋಷಕರ, ಹಿರಿಯರ ಹಾಗೂ ಕಾನೂನು ಬಲ್ಲವರ ಅಭಿಪ್ರಾಯ ಕೇಳೋಣವೆಂದು ಬರೆಯುತ್ತಿದ್ದೇನೆ.

ನನ್ನ ಮಗಳಿಗೆ ಎಂಟು ವರ್ಷ. ಕಳೆದ ದೀಪಾವಳಿಗೆ ಅವಳ ಸೋದರಮಾವ ಒಂದು ಕಿಕ್ ಸ್ಕೂಟರ್ ಕೊಡಿಸಿದರು. ಒಂದು ಕಾಲನ್ನು ಹಲಗೆಯ ಮೇಲಿಟ್ಟು ಇನ್ನೊಂದು ಕಾಲಿನಿಂದ ನೆಲವನ್ನು ಒದ್ದುಕೊಂಡು ಓಡಿಸುವ, ಎಂಜಿನ್ ಇಲ್ಲದ, ಎರಡು ಚಕ್ರದ ಸ್ಕೂಟರ್ ಅದು. ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೂ ವಾಹನಗಳ ಓಡಾಟ. ಫುಟ್‌ಪಾತ್ ಎಂದರೆ ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿಗಳ ಸಾಲು. ಅವುಗಳಲ್ಲಿ ಕೆಲವು ಕಾಲಿಟ್ಟರೆ ಅಲುಗಾಡುತ್ತವೆ, ಕೆಲವು ಇಲ್ಲವೇ ಇಲ್ಲ. ಹೀಗಾಗಿ ಸಂಜೆ ಐದೂವರೆಗೆ ಅವಳನ್ನು ಹತ್ತಿರದ ಪಾರ್ಕಿಗೆ ಕರೆದುಕೊಂಡು ಹೋಗುವುದು ರೂಢಿಯಾಗಿತ್ತು. ಆ ಪಾರ್ಕಿನ ಸುತ್ತ ಆರೇಳು ಅಡಿ ಅಗಲದ, ಇಂಟರ್‌ಲಾಕ್ ಟೈಲ್ಸ್ ಹಾಕಿದ ನಡಿಗೆ ದಾರಿ ಇದೆ. ಬಡಾವಣೆಯ ಹಿರಿಯರು ವಾಕಿಂಗ್‌ಗೆ ಬರುವುದೂ ಅದೇ ಹೊತ್ತಿಗೆ.

ಆ ಭಾನುವಾರ ನಾನು ಸಿಮೆಂಟ್ ಬೆಂಚಿನ ಮೇಲೆ ಕುಳಿತು, ಫೋನಿನಲ್ಲಿ ಕಚೇರಿಯ ಒಂದು ಸಂದೇಶಕ್ಕೆ ಉತ್ತರ ಬರೆಯುತ್ತಿದ್ದೆ. ಮಗಳು ಮೂರನೆಯ ಸುತ್ತಿನಲ್ಲಿದ್ದಳು. ದಾರಿ ಎಡಕ್ಕೆ ತಿರುಗುವಲ್ಲಿ ದಾಸವಾಳದ ಪೊದೆಯೊಂದು ಎದೆಯೆತ್ತರ ಬೆಳೆದಿದೆ; ಅದರಾಚೆ ಯಾರಿದ್ದಾರೆ ಎಂಬುದು ದೊಡ್ಡವರಿಗೇ ಸರಿಯಾಗಿ ಕಾಣುವುದಿಲ್ಲ, ಎಂಟು ವರ್ಷದ ಮಗುವಿಗೆ ಕಾಣುವ ಮಾತೇ ಇಲ್ಲ. ಕೂಗು ಕೇಳಿ ಓಡಿಹೋದಾಗ ಅರವತ್ತೆಂಟು ವರ್ಷದ ಒಬ್ಬ ತಾಯಿ ನೆಲದ ಮೇಲೆ ಕುಳಿತು ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡಿದ್ದರು. ಅವರ ಹಸಿರು ಗಾಜಿನ ಬಳೆಗಳು ಒಡೆದು, ಚೂರುಗಳು ಟೈಲ್ಸ್ ಸಂದಿಯಲ್ಲಿ ಸಿಕ್ಕಿಕೊಂಡಿದ್ದವು. ಮಗಳು ಅಳುತ್ತಿರಲಿಲ್ಲ, ಹ್ಯಾಂಡಲನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು, ಬಿಳಿಚಿಕೊಂಡು, ನಿಂತಲ್ಲೇ ನಿಂತಿದ್ದಳು. "ಹಿಂದಿನಿಂದ ಬಂತು, ಗೊತ್ತೇ ಆಗಲಿಲ್ಲ" ಎಂದಷ್ಟೇ ಆ ತಾಯಿ ಹೇಳಿದರು.

ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದಾಗ ಮಣಿಕಟ್ಟಿನ ಬಳಿ ಮೂಳೆ ಮುರಿದಿರುವುದು ಗೊತ್ತಾಯಿತು. ಪ್ಲಾಸ್ಟರ್ ಹಾಕಿದ್ದಾರೆ. ಆ ದಿನದ ಖರ್ಚನ್ನು ನಾನೇ ಕೊಟ್ಟೆ. ಮುಂದಿನ ಖರ್ಚನ್ನೂ ಕೊಡುತ್ತೇನೆಂದಾಗ ಅವರ ಮಗ, "ಮಕ್ಕಳು ತಾನೇ, ಬಿಡಿ" ಎಂದರು. ಆದರೆ ನನಗೆ ಬಿಡಲಾಗುತ್ತಿಲ್ಲ. ಮರುದಿನ ಬೆಳಿಗ್ಗೆ ಒಬ್ಬನೇ ಹೋಗಿ, ನಾನು ಕುಳಿತಿದ್ದ ಬೆಂಚಿನಿಂದ ಆ ತಿರುವಿನವರೆಗೆ ಹೆಜ್ಜೆ ಎಣಿಸಿದೆ. ಐವತ್ತೆರಡು ಹೆಜ್ಜೆ. ಐವತ್ತೆರಡು ಹೆಜ್ಜೆಯಾಚೆ ಇದ್ದ ಮಗುವನ್ನು ನಾನು "ನೋಡಿಕೊಳ್ಳುತ್ತಿದ್ದೆ" ಎಂದು ಹೇಗೆ ಹೇಳಲಿ?

ನನ್ನ ಹೆಂಡತಿ ಸ್ಕೂಟರನ್ನು ಅಟ್ಟಕ್ಕೆ ಹಾಕಿದ್ದಾಳೆ, ಇನ್ನು ಅದನ್ನು ಇಳಿಸುವುದು ಬೇಡವೆನ್ನುತ್ತಾಳೆ. ನನ್ನ ತಂದೆಯವರು ಮಾತ್ರ, ಮಗುವಿನ ಆಟವನ್ನೇ ಕಿತ್ತುಕೊಂಡರೆ ತಪ್ಪು ಅವಳದೇ ಎಂದು ನಾವೇ ತೀರ್ಪು ಕೊಟ್ಟಂತಾಗುತ್ತದೆ ಎನ್ನುತ್ತಾರೆ. ಇಂಥ ಪ್ರಸಂಗದಲ್ಲಿ ಕಾನೂನು ಪೋಷಕರನ್ನು ಹೇಗೆ ನೋಡುತ್ತದೆ? ಮಗಳನ್ನು ಆ ತಾಯಿಯ ಮನೆಗೆ ಕರೆದುಕೊಂಡು ಹೋಗಿ ಕ್ಷಮೆ ಕೇಳಿಸುವುದು ಸರಿಯೋ, ಅಥವಾ ಅದು ಮಗುವಿನ ಮೇಲೆ ಹೊರಲಾರದ ಭಾರ ಹೇರಿದಂತೆಯೋ? ಈ ಊರಿನಲ್ಲಿ ಮಕ್ಕಳು ಸ್ಕೂಟರ್ ಓಡಿಸಬೇಕಾದದ್ದಾದರೂ ಎಲ್ಲಿ? ದಯವಿಟ್ಟು ತಿಳಿದವರು ಬರೆಯಿರಿ.

ಉತ್ತರ 1: ಬಸವನಗುಡಿಯ ನಿವೃತ್ತ ಶಿಕ್ಷಕಿ

ನಿಮ್ಮ ಬರಹವನ್ನು ಎರಡು ಸಲ ಓದಿದೆ. ನನಗೆ ಎಪ್ಪತ್ತೊಂದು ವರ್ಷ, ದಿನವೂ ಸಂಜೆ ಪಾರ್ಕಿನಲ್ಲಿ ನಡೆಯುತ್ತೇನೆ, ಮೂರು ವರ್ಷಗಳ ಹಿಂದೆ ನನಗೂ ಒಬ್ಬ ಹುಡುಗನ ಸ್ಕೂಟರ್ ತಗುಲಿತ್ತು. ಮೂಳೆ ಮುರಿಯಲಿಲ್ಲ, ಹಿಮ್ಮಡಿಯ ಮೇಲೆ ಚರ್ಮ ಸುಲಿಯಿತು ಅಷ್ಟೇ. ಗಾಯ ಹತ್ತು ದಿನಕ್ಕೆ ಒಣಗಿತು. ಆದರೆ ಅದಾದ ಮೇಲೆ ಸುಮಾರು ಆರು ತಿಂಗಳು ನಾನು ದಾರಿಯ ನಡುವೆ ನಡೆಯಲಿಲ್ಲ. ಒಂದು ಕೈಯನ್ನು ಬೇಲಿಯ ಕಂಬಿಗೆ ಸವರುತ್ತಾ, ಹತ್ತು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುತ್ತಾ ನಡೆದೆ. ಹಾಗೆ ತಿರುಗಿ ನೋಡುವಾಗಲೇ ಒಮ್ಮೆ ತಲೆಸುತ್ತು ಬಂದು ಕುಸಿಯುವುದರಲ್ಲಿದ್ದೆ. ವಯಸ್ಸಾದವರಿಗೆ ಬೀಳುವ ಭಯವೇ ಒಂದು ಕಾಯಿಲೆ. ಬಿದ್ದರೆ ಏನಾಗುತ್ತದೆಂದು ನಮಗೆ ನಮ್ಮ ಓರಗೆಯವರ ಮನೆಗಳಲ್ಲಿ ನೋಡಿ ಗೊತ್ತಿರುತ್ತದೆ: ಮೊದಲು ಕೋಲು, ಆಮೇಲೆ ಮನೆಯೊಳಗಷ್ಟೇ ಓಡಾಟ, ಆಮೇಲೆ ಹಾಸಿಗೆ.

ಚಿಕ್ಕವರಿಗೆ ಅರ್ಥವಾಗದ ಇನ್ನೊಂದು ಸಂಗತಿಯನ್ನು ಹೇಳುತ್ತೇನೆ. ಸೈಕಲ್ಲಿಗೆ ಬೆಲ್ ಇರುತ್ತದೆ, ಸರಪಳಿಯ ಸದ್ದಿರುತ್ತದೆ, ಮೋಟಾರು ಗಾಡಿಗಂತೂ ಕೇಳಬೇಕಾಗಿಲ್ಲ. ಈ ರಬ್ಬರಿನಂಥ ಚಕ್ರದ ಸ್ಕೂಟರ್ ನುಣುಪಾದ ನೆಲದ ಮೇಲೆ ಬಂದರೆ, ಅರ್ಧ ಕಿವುಡಾದ ನನ್ನಂಥವಳಿಗೆ ಗಾಳಿ ಬಂದಷ್ಟೂ ಕೇಳಿಸುವುದಿಲ್ಲ. ಮಗು "ಅಜ್ಜೀ, ಸ್ವಲ್ಪ ದಾರಿ" ಎಂದು ಕೂಗಿದರೂ, ನಾವು ಎಡಕ್ಕೆ ಸರಿಯಬೇಕೋ ಬಲಕ್ಕೆ ಸರಿಯಬೇಕೋ ತಿಳಿಯದೆ ಅದರ ದಾರಿಗೇ ಸರಿದುಬಿಡುತ್ತೇವೆ. ಆದ್ದರಿಂದ ಕೂಗುವುದನ್ನು ಕಲಿಸಿದರೆ ಸಾಲದು. ಮುಂದೆ ಯಾರಾದರೂ ನಡೆಯುತ್ತಿದ್ದರೆ ಸ್ಕೂಟರಿನಿಂದ ಇಳಿದು, ಅದನ್ನು ಪಕ್ಕದಲ್ಲಿ ತಳ್ಳಿಕೊಂಡು, ಅವರನ್ನು ದಾಟಿದ ಮೇಲೆ ಮತ್ತೆ ಹತ್ತುವುದನ್ನು ಕಲಿಸಬೇಕು. ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳಾಗಿ ಹೇಳುತ್ತೇನೆ, ಎಂಟು ವರ್ಷದ ಮಗುವಿಗೆ ಇದು ಖಂಡಿತ ಕಲಿಯಲು ಬರುತ್ತದೆ; ಆದರೆ ಒಂದು ಸಲ ಹೇಳಿದರೆ ಬರುವುದಿಲ್ಲ, ಒಂದು ತಿಂಗಳು ಪಕ್ಕದಲ್ಲಿ ನಡೆದರೆ ಬರುತ್ತದೆ.

ಕ್ಷಮೆಯ ವಿಷಯ. ಕರೆದುಕೊಂಡು ಹೋಗಿ. ನನಗೆ ಡಿಕ್ಕಿ ಹೊಡೆದ ಹುಡುಗನ ತಾಯಿ ಮರುದಿನ ಹಣ್ಣಿನ ಚೀಲ ಹಿಡಿದು ಒಬ್ಬರೇ ಬಂದರು, ತುಂಬ ನೊಂದುಕೊಂಡರು. ಹುಡುಗ ಬರಲಿಲ್ಲ. ಆಮೇಲೆ ಪಾರ್ಕಿನಲ್ಲಿ ನನ್ನನ್ನು ಕಂಡಾಗಲೆಲ್ಲ ಆ ಹುಡುಗ ಬೇರೆ ದಾರಿ ಹಿಡಿದು ಹೋಗುತ್ತಿದ್ದ. ಒಂದು ವರ್ಷ ಹಾಗೆಯೇ ಹೋಯಿತು. ಬಂದು ಒಂದು ಮಾತು ಆಡಿದ್ದರೆ ಅವನ ಎದೆಯ ಭಾರವೂ ಇಳಿಯುತ್ತಿತ್ತು, ನನಗೂ ಅವನ ಹೆಸರು ಗೊತ್ತಾಗುತ್ತಿತ್ತು. ಆದರೆ ಒಂದು ಮಾತು: ಬಾಗಿಲಲ್ಲಿ ನಿಲ್ಲಿಸಿ "ಸಾರಿ ಹೇಳು" ಎಂದು ಹಿಂದಿನಿಂದ ತಿವಿಯಬೇಡಿ. ಮೊದಲು ನೀವು, ನಾನು ಫೋನ್ ನೋಡುತ್ತಿದ್ದೆ ಎಂದು ಮಗಳ ಎದುರಿನಲ್ಲೇ ಆ ತಾಯಿಗೆ ಹೇಳಿ. ತಪ್ಪಿನಲ್ಲಿ ನಿಮ್ಮ ಪಾಲನ್ನು ನೀವು ತೆಗೆದುಕೊಂಡದ್ದನ್ನು ಕಂಡ ಮೇಲೆ ಮಗು ತನ್ನ ಪಾಲನ್ನು ತಾನೇ ತೆಗೆದುಕೊಳ್ಳುತ್ತದೆ.

ಉತ್ತರ 2: ಫಿಸಿಯೋಥೆರಪಿ ವೃತ್ತಿಯವರು, ಮಲ್ಲೇಶ್ವರ

ಬೀಳುವಾಗ ಅಂಗೈ ಊರುವುದು ಮನುಷ್ಯನ ಸಹಜ ಪ್ರತಿಕ್ರಿಯೆ, ಆಗ ಇಡೀ ಮೈಯ ಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ. ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕಾಲೀಸ್ ಈ ಮುರಿತವನ್ನು 1814ರಲ್ಲೇ ವಿವರಿಸಿದ್ದರು, ಎಕ್ಸ್-ರೇ ಕಂಡುಹಿಡಿಯುವುದಕ್ಕೆ ಎಂಬತ್ತೊಂದು ವರ್ಷ ಮೊದಲು. ಇಂದಿಗೂ ಅದಕ್ಕೆ ಅವರ ಹೆಸರೇ ಇದೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಟೊಳ್ಳಾಗುತ್ತಾ ಹೋಗುವುದರಿಂದ ಸಣ್ಣ ಬೀಳುವಿಕೆಗೂ ಇದು ಸಂಭವಿಸುತ್ತದೆ. ಪ್ಲಾಸ್ಟರ್ ಸಾಮಾನ್ಯವಾಗಿ ಐದಾರು ವಾರ ಇರುತ್ತದೆ. ಆದರೆ ಜನ ಮರೆಯುವುದು ಅದರ ನಂತರದ ಭಾಗವನ್ನು. ಪ್ಲಾಸ್ಟರ್ ಇರುವಾಗಲೂ ಬೆರಳು, ಮೊಣಕೈ, ಭುಜಗಳನ್ನು ದಿನವೂ ಆಡಿಸದಿದ್ದರೆ ಅವು ಬಿಗಿದುಕೊಳ್ಳುತ್ತವೆ. ಪ್ಲಾಸ್ಟರ್ ತೆಗೆದ ಮೇಲೆ ಮಣಿಕಟ್ಟು ತಿರುಗಿಸಲು, ಚಪಾತಿ ಹಿಟ್ಟು ನಾದಲು, ಬಟ್ಟೆ ಹಿಂಡಲು, ಬಾಗಿಲ ಚಿಲಕ ಹಾಕಲು ಬರುವಂತಾಗುವುದಕ್ಕೆ ಮತ್ತೆ ಹಲವು ವಾರಗಳ ವ್ಯಾಯಾಮ ಬೇಕು. ಬಲಗೈಯಾದರೆ ತಲೆ ಬಾಚುವುದಕ್ಕೂ ಇನ್ನೊಬ್ಬರು ಬೇಕಾಗುತ್ತಾರೆ. ಅವರ ಮಗ ಹಣ ಬೇಡವೆಂದಿದ್ದಾರೆ, ಸರಿ. ಆದರೆ ಫಿಸಿಯೋಥೆರಪಿಗೆ ಕರೆದೊಯ್ದು ಕರೆತರುವ ಕೆಲಸವನ್ನು ನೀವು ವಹಿಸಿಕೊಳ್ಳಬಹುದು. ಸಹಾಯ ನಿಜವಾಗಿ ಬೇಕಾಗುವುದು ಆಗಲೇ.

ಇನ್ನು ಸ್ಕೂಟರಿನ ಬಗ್ಗೆ. ನಡೆಯುವವರ ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರ್. ಚುರುಕಾಗಿ ಒದೆಯುವ ಮಗು ಗಂಟೆಗೆ ಹನ್ನೆರಡು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆಯೆಂದು ಇಟ್ಟುಕೊಂಡರೆ, ಒಂದು ಸೆಕೆಂಡಿಗೆ ಹನ್ನೊಂದು ಅಡಿ ಸಾಗುತ್ತದೆ. ಎದುರಿಗೆ ಯಾರೋ ಇದ್ದಾರೆಂದು ಕಂಡು, ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಆ ಹನ್ನೊಂದು ಅಡಿ ಮುಗಿದಿರುತ್ತದೆ, ಸ್ಕೂಟರ್ ನಿಲ್ಲುವ ದೂರ ಅದರ ಮೇಲೆ ಬೇರೆ. ಬಹಳಷ್ಟು ಸ್ಕೂಟರುಗಳಲ್ಲಿ ಬ್ರೇಕ್ ಎಂದರೆ ಹಿಂದಿನ ಚಕ್ರದ ಮೇಲಿರುವ ತಗಡನ್ನು ಹಿಮ್ಮಡಿಯಿಂದ ಒತ್ತುವುದು. ಚಕ್ರ ಒದ್ದೆಯಾಗಿದ್ದರೆ ಅದು ಹಿಡಿಯುವುದಿಲ್ಲ. ಚಕ್ರ ಸಣ್ಣದಾದ್ದರಿಂದ, ಸೈಕಲ್ ಸಲೀಸಾಗಿ ಹತ್ತಿ ಇಳಿಯುವ ಸಂದಿಯಲ್ಲಿ ಅದು ಗಕ್ಕನೆ ಸಿಕ್ಕಿಕೊಂಡು ಮಗು ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಬೀಳುತ್ತದೆ. ಯುಗಾದಿಯ ಆಸುಪಾಸಿನಲ್ಲಿ ಹೊಂಗೆ ಹೂವು ಉದುರಿ ದಾರಿಯೆಲ್ಲ ಹಾಸಿದಾಗ, ಅದರ ಮೇಲೆ ಒಂದು ಮಳೆ ಬಿದ್ದರೆ, ಆ ನೆಲ ನಡೆಯುವವರಿಗೂ ಜಾರುತ್ತದೆ. ಅಂಥ ದಿನ ಸ್ಕೂಟರ್ ಮನೆಯಲ್ಲಿರಲಿ.

ನಿಮ್ಮ ಬರಹದಲ್ಲಿ ಹೆಲ್ಮೆಟ್ ಪ್ರಸ್ತಾಪ ಇಲ್ಲದ್ದನ್ನು ಗಮನಿಸಿದೆ. ಸ್ಕೂಟರ್ ಮತ್ತೆ ಅಟ್ಟದಿಂದ ಇಳಿಯುವುದಾದರೆ ಹೆಲ್ಮೆಟ್ ಅದರ ಜೊತೆಗೇ ಬರಬೇಕು. ಬೈಕಿನ ಹೆಲ್ಮೆಟ್ ಮಗುವಿನ ಕತ್ತಿಗೆ ಭಾರ, ಸೈಕಲ್ ಸವಾರರ ಹಗುರ ಹೆಲ್ಮೆಟ್ ಸಾಕು. ಅದರ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು, ಗಲ್ಲದ ಪಟ್ಟಿಯ ಕೆಳಗೆ ಒಂದು ಬೆರಳಷ್ಟೇ ಜಾಗವಿರಬೇಕು. ಮುಂದಿನ ವರ್ಷಕ್ಕೂ ಆಗಲೆಂದು ದೊಡ್ಡ ಅಳತೆಯದನ್ನು ಕೊಳ್ಳಬೇಡಿ; ಸಡಿಲ ಹೆಲ್ಮೆಟ್ ಬಿದ್ದ ಕೂಡಲೇ ಹಿಂದಕ್ಕೆ ಸರಿದು ಹಣೆಯನ್ನು ಬರಿದು ಮಾಡುತ್ತದೆ.

ಉತ್ತರ 3: ರಾಜಾಜಿನಗರದ ನಡಿಗೆದಾರ

ನನ್ನ ಅಭಿಪ್ರಾಯ ಬೇರೆ. ನಡಿಗೆ ದಾರಿ ನಡೆಯುವವರಿಗೆ. ಅದರ ಮೇಲೆ ಚಕ್ರವಿರುವ ಯಾವುದೇ ವಸ್ತು ಬರುವುದಾದರೆ ಅದು ಗಾಲಿಕುರ್ಚಿ ಮತ್ತು ಕೂಸಿನ ಗಾಡಿ ಮಾತ್ರ ಆಗಿರಬೇಕು. ಈ ನಗರದಲ್ಲಿ ಫುಟ್‌ಪಾತ್ ಮೇಲೆ ಬೈಕುಗಳು ಹತ್ತುತ್ತವೆ, ಅಂಗಡಿಯ ಸಾಮಾನು ಹತ್ತುತ್ತದೆ, ಟ್ರಾನ್ಸ್‌ಫಾರ್ಮರ್ ಇರುತ್ತದೆ. ಹಿರಿಯರಿಗೆ ಹೆದರಿಕೆಯಿಲ್ಲದೆ ಕಾಲಿಡಲು ಉಳಿದಿರುವುದು ಪಾರ್ಕಿನ ಒಂದು ಸುತ್ತು ಮಾತ್ರ. ಅದನ್ನೂ ಹಂಚಿಕೊಳ್ಳಿ ಎಂದು ಅವರನ್ನೇ ಕೇಳುವುದು ನ್ಯಾಯವಲ್ಲ. ಮಕ್ಕಳಿಗೆ ಜಾಗ ಬೇಕೆಂಬುದನ್ನು ನಾನು ಒಪ್ಪುತ್ತೇನೆ, ಆದರೆ ಆ ಜಾಗವನ್ನು ಆಡಳಿತದ ಬಳಿ ಕೇಳಬೇಕೇ ಹೊರತು ಅಜ್ಜಿಯರ ಬಳಿ ಅಲ್ಲ.

ಉತ್ತರ 4: ವಕೀಲರು

ಕಾನೂನಿನ ಬಗ್ಗೆ ಕೇಳಿದ್ದೀರಿ, ಸಾಮಾನ್ಯ ತಿಳಿವಳಿಕೆಗೆಂದು ಬರೆಯುತ್ತೇನೆ. ನಿಮ್ಮ ಪ್ರಕರಣಕ್ಕೆ ನಿರ್ದಿಷ್ಟ ಸಲಹೆ ಬೇಕಿದ್ದರೆ ಕಾಗದಪತ್ರ ನೋಡಬಲ್ಲ ವಕೀಲರನ್ನೇ ಕಾಣಿ.

ಮೊದಲು ಮಗುವಿನ ವಿಷಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 20ನೇ ಕಲಮಿನಂತೆ ಏಳು ವರ್ಷದೊಳಗಿನ ಮಗು ಮಾಡಿದ ಯಾವುದೂ ಅಪರಾಧವಲ್ಲ. ಏಳು ದಾಟಿ ಹನ್ನೆರಡು ತುಂಬದ ಮಗುವಿಗೆ, ತಾನು ಮಾಡುತ್ತಿರುವುದು ಏನು, ಅದರ ಪರಿಣಾಮ ಏನು ಎಂಬುದನ್ನು ಅರಿಯುವಷ್ಟು ಬುದ್ಧಿ ಬಲಿತಿಲ್ಲದಿದ್ದರೆ ಅದೂ ಅಪರಾಧವಾಗುವುದಿಲ್ಲವೆಂದು 21ನೇ ಕಲಮು ಹೇಳುತ್ತದೆ. ಹಳೆಯ ದಂಡ ಸಂಹಿತೆಯ 82 ಮತ್ತು 83ನೇ ಕಲಮುಗಳಲ್ಲಿದ್ದ ನಿಯಮವೇ ಇದು. ಆಟದ ನಡುವೆ ಆದ ಇಂಥ ಆಕಸ್ಮಿಕಕ್ಕೆ ನಿಮ್ಮ ಮಗಳನ್ನು ಅಪರಾಧಿಯೆಂದು ಯಾರೂ ನೋಡುವುದಿಲ್ಲ. ಆ ಭಯವನ್ನು ಮನೆಯಿಂದ ಹೊರಗಿಡಿ.

ಪರಿಹಾರದ ಹೊಣೆ ಬೇರೆ ವಿಷಯ. ಮಗು ಮಾಡಿದ ಹಾನಿಗೆ ತಂದೆ ತಾಯಿ ಎಂಬ ಒಂದೇ ಕಾರಣಕ್ಕೆ ಪೋಷಕರು ತಾವಾಗಿಯೇ ಹೊಣೆಗಾರರಾಗುವುದಿಲ್ಲ. ಅವರದೇ ಆದ ಅಜಾಗರೂಕತೆ ಇದ್ದರೆ ಆಗುತ್ತಾರೆ. ಹಾನಿಯಾಗಬಹುದೆಂದು ಊಹಿಸಬಹುದಾದ ಸಂದರ್ಭದಲ್ಲಿ ಅಂಥ ವಸ್ತುವನ್ನು ಕೊಟ್ಟು, ತಕ್ಕ ಮೇಲ್ವಿಚಾರಣೆ ಮಾಡಲಿಲ್ಲವೆಂಬುದು ಸಾಬೀತಾದರೆ ಹೊಣೆ ಅವರದೇ. ನೀವು ಎಣಿಸಿದ ಆ ಐವತ್ತೆರಡು ಹೆಜ್ಜೆ, ಅಡ್ಡವಿದ್ದ ಪೊದೆ, ಹಿರಿಯರು ನಡೆಯುವ ಹೊತ್ತು, ಇವೇ ಅಲ್ಲಿ ಪ್ರಶ್ನೆಗಳಾಗುತ್ತವೆ. ಯಾರೂ ನ್ಯಾಯಾಲಯಕ್ಕೆ ಹೋಗದ ಕಡೆಯೂ ಆ ಪ್ರಶ್ನೆಗಳನ್ನು ನೀವೇ ಕೇಳಿಕೊಂಡಿದ್ದೀರಿ.

ಇಲ್ಲಿ ಓದುವ ಬೇರೆ ಪೋಷಕರಿಗಾಗಿ ಒಂದು ಎಚ್ಚರಿಕೆ ಬರೆಯಲೇಬೇಕು, ಏಕೆಂದರೆ ಕಿಕ್ ಸ್ಕೂಟರಿನಿಂದ ಮೋಟಾರು ಸ್ಕೂಟರಿಗೆ ಮಕ್ಕಳು ದಾಟುವುದು ನಾವು ಅಂದುಕೊಂಡದ್ದಕ್ಕಿಂತ ಬೇಗ. ಟ್ಯೂಷನ್ ಮುಗಿಸಿ ಮೂವರು ಹುಡುಗರು ಒಂದೇ ಸ್ಕೂಟರಿನಲ್ಲಿ, ಹೆಲ್ಮೆಟ್ ಇಲ್ಲದೆ, ಒಳರಸ್ತೆಯಲ್ಲಿ ಹೋಗುವುದನ್ನು ನೋಡದ ಬಡಾವಣೆ ಈ ಊರಿನಲ್ಲಿ ಇರಲಾರದು. 1988ರ ಮೋಟಾರು ವಾಹನ ಕಾಯ್ದೆಯ 4ನೇ ಕಲಮಿನಂತೆ ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಓಡಿಸಲು ಹದಿನೆಂಟು ವರ್ಷ ತುಂಬಿರಬೇಕು; 50 ಸಿಸಿ ಮೀರದ ದ್ವಿಚಕ್ರಕ್ಕೆ ಮಾತ್ರ ಹದಿನಾರು, ಅದೂ ಲೈಸೆನ್ಸ್ ಪಡೆದ ಮೇಲೆ. ಮನೆಯಲ್ಲಿರುವ 110 ಅಥವಾ 125 ಸಿಸಿಯ ಗೇರ್ ಇಲ್ಲದ ಸ್ಕೂಟರ್ ಆ ವಿನಾಯಿತಿಯೊಳಗೆ ಬರುವುದಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮು, ಅಪ್ರಾಪ್ತ ವಯಸ್ಕರು ಈ ಕಾಯ್ದೆಯಡಿ ಅಪರಾಧ ಮಾಡಿದರೆ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನೇ ತಪ್ಪಿತಸ್ಥರೆಂದು ಪರಿಗಣಿಸುತ್ತದೆ: ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು, ಮಗುವಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. "ನನಗೆ ತಿಳಿಯದಂತೆ ಕೀ ತೆಗೆದುಕೊಂಡು ಹೋದ" ಎಂದು ಹೇಳಿದರೆ ಸಾಲದು. ಪೋಷಕರ ಒಪ್ಪಿಗೆಯಿಂದಲೇ ವಾಹನ ಬಳಕೆಯಾಯಿತೆಂದು ನ್ಯಾಯಾಲಯ ಭಾವಿಸುತ್ತದೆ, ಹಾಗಲ್ಲವೆಂದು ಸಾಬೀತುಪಡಿಸುವ ಭಾರ ಪೋಷಕರದು. ಅದರ ಮೇಲೆ ವಿಮೆಯ ತೊಡಕೂ ಇದೆ. ಲೈಸೆನ್ಸ್ ಇಲ್ಲದವರ ಕೈಗೆ ಮಾಲೀಕರೇ ವಾಹನ ಕೊಟ್ಟಿದ್ದರೆ, ವಿಮಾ ಕಂಪನಿ ಗಾಯಾಳುವಿಗೆ ಪರಿಹಾರ ಕೊಟ್ಟು, ಆ ಮೊತ್ತವನ್ನು ಮಾಲೀಕರಿಂದ ವಸೂಲಿ ಮಾಡಬಹುದು.

ವಿದ್ಯುತ್ ಸ್ಕೂಟರಿನ ಬಗ್ಗೆ ಅಂಗಡಿಗಳಲ್ಲಿ "ಲೈಸೆನ್ಸ್ ಬೇಕಾಗಿಲ್ಲ" ಎಂಬ ಮಾತು ಕೇಳಿಬರುತ್ತದೆ. ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆಯಿದ್ದು, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆಯಿರುವ, ನಿಯಮದಂತೆ ಅನುಮೋದನೆ ಪಡೆದ ವಾಹನಕ್ಕೆ ಮಾತ್ರ ಆ ಮಾತು ಅನ್ವಯ. ಅದಕ್ಕಿಂತ ಮೇಲಿನದೆಲ್ಲವೂ ಮೋಟಾರು ವಾಹನವೇ, ಪೆಟ್ರೋಲ್ ಇಲ್ಲದ ಮಾತ್ರಕ್ಕೆ ಆಟಿಕೆಯಾಗುವುದಿಲ್ಲ.

ಉತ್ತರ 5: ಅಪಾರ್ಟ್‌ಮೆಂಟ್ ಸಂಘದ ಸಮಿತಿಯಲ್ಲಿರುವ ತಾಯಿ, ಯಲಹಂಕ

ವಕೀಲರು ಬರೆದದ್ದನ್ನು ನಮ್ಮ ಸಂಘದ ಎಲ್ಲರಿಗೂ ಓದಿ ಹೇಳುತ್ತೇನೆ. ನಮ್ಮಲ್ಲಿ ನಡೆದದ್ದನ್ನು ತಿಳಿಸಿದರೆ ಪ್ರಶ್ನೆ ಕೇಳಿದವರಿಗೆ ಉಪಯೋಗವಾದೀತು.

ಎರಡು ವರ್ಷಗಳ ಹಿಂದೆ ಬೇಸ್‌ಮೆಂಟಿನಿಂದ ಮೇಲೆ ಬರುವ ಇಳಿಜಾರಿನಲ್ಲಿ ಸ್ಕೂಟರ್ ಬಿಟ್ಟುಕೊಂಡು ಹೋಗುತ್ತಿದ್ದ ಒಂಬತ್ತು ವರ್ಷದ ಹುಡುಗ, ಒಳಗೆ ಬರುತ್ತಿದ್ದ ಕಾರಿನ ಮುಂದೆ ಬಿದ್ದ. ಚಾಲಕರು ನಿಧಾನವಾಗಿ ಬರುತ್ತಿದ್ದದ್ದರಿಂದ ಅವನು ಉಳಿದ. ಕಾರಿನ ಬಂಪರಿಗೂ ಅವನ ತಲೆಗೂ ನಡುವೆ ಒಂದು ಗೇಣು ಜಾಗವಿತ್ತು. ನಾನು ಲಿಫ್ಟಿನ ಬಾಗಿಲಲ್ಲಿ ನಿಂತು ಅದನ್ನು ಕಂಡವಳು. ಮರುದಿನವೇ ಸಮಿತಿ ಸ್ಕೂಟರ್, ಸ್ಕೇಟಿಂಗ್ ಎಲ್ಲವನ್ನೂ ನಿಷೇಧಿಸಿ ಲಿಫ್ಟಿನಲ್ಲಿ ಕಾಗದ ಅಂಟಿಸಿತು. ನಾನೂ ಅದಕ್ಕೆ ಸಹಿ ಹಾಕಿದ್ದೆ. ಒಂದು ತಿಂಗಳಲ್ಲಿ ಆದದ್ದೇನೆಂದರೆ, ಮಕ್ಕಳು ಗೇಟಿನ ಹೊರಗಿನ ರಸ್ತೆಯಲ್ಲಿ, ನೀರಿನ ಟ್ಯಾಂಕರುಗಳು ಹೋಗುವ ರಸ್ತೆಯಲ್ಲಿ, ಓಡಿಸತೊಡಗಿದರು. ಒಳಗಿದ್ದ ಅಪಾಯವನ್ನು ನಾವು ಹೊರಗೆ ತಳ್ಳಿದ್ದೆವು ಅಷ್ಟೇ.

ಆಮೇಲೆ ನಿಷೇಧ ತೆಗೆದೆವು. ಸಂಜೆ ಐದರಿಂದ ಆರೂಕಾಲಿನವರೆಗೆ ಹಿಂಬದಿಯ ಬೆಂಕಿ ಎಂಜಿನ್ ದಾರಿಯ ಒಂದು ಭಾಗಕ್ಕೆ, ತುರ್ತಿಗೆ ಕ್ಷಣದಲ್ಲಿ ಸರಿಸಬಹುದಾದ ಹಗುರ ಕೋನ್‌ಗಳನ್ನಿಟ್ಟು, ಕಾರು ಬಿಡದಂತೆ ಮಾಡಿದೆವು. ಇಳಿಜಾರಿಗೆ ಮಕ್ಕಳು ಹೋಗುವಂತಿಲ್ಲ. ಹಿರಿಯರು ನಡೆಯುವುದು ಮುಂಬದಿಯ ತೋಟದ ಸುತ್ತ. ಪ್ರತಿದಿನ ಇಬ್ಬರು ಪೋಷಕರು ಸರದಿಯಂತೆ ಅಲ್ಲಿ ನಿಲ್ಲಬೇಕು. ಕುಳಿತುಕೊಳ್ಳಬಾರದೆಂದೇ ಅಲ್ಲಿ ಕುರ್ಚಿ ಹಾಕಿಲ್ಲ. ಮೊದಲು ಅನೇಕರು ತಮ್ಮ ಬದಲು ಮನೆಕೆಲಸದವರನ್ನು ಕಳುಹಿಸಿದರು. ಇದು ನನಗೆ ತುಂಬ ನೋವು ಕೊಟ್ಟ ಸಂಗತಿ: ಹದಿನೇಳು ಹದಿನೆಂಟರ ಹುಡುಗಿಯೊಬ್ಬಳು ಬೇರೆಯವರ ಏಳು ಮಕ್ಕಳನ್ನು ನೋಡುತ್ತಾ ನಿಂತಿರುವುದು, ಏನಾದರೂ ಆದರೆ ಬೈಗುಳ ಅವಳಿಗೆ ಬೀಳುವುದು. ಸರದಿಯಲ್ಲಿ ತಾಯಿ, ತಂದೆ, ಅಜ್ಜಿ ಅಥವಾ ಅಜ್ಜನೇ ಇರಬೇಕೆಂದು ಸಭೆಯಲ್ಲಿ ಬರೆಸಿಕೊಂಡೆವು. ಆ ಮಾತಿಗೆ ಜಗಳವೇ ಆಯಿತು, ಆದರೆ ನಿಯಮ ನಿಂತಿದೆ.

ರಾಜಾಜಿನಗರದವರ ಮಾತಿಗೆ ಒಂದು ಉತ್ತರ. ಜಾಗವನ್ನು ಆಡಳಿತದ ಬಳಿ ಕೇಳಬೇಕೆಂಬುದು ನಿಜ. 2025ರಲ್ಲಿ ಬಿಬಿಎಂಪಿಯ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ನಗರ ಪಾಲಿಕೆಗಳು ಬಂದಿವೆ. ನಿಮ್ಮ ಪಾರ್ಕು ಯಾವ ಪಾಲಿಕೆಗೆ ಸೇರಿದೆಯೋ ಅಲ್ಲಿಗೆ, ನಡೆಯುವವರೂ ಪೋಷಕರೂ ಸೇರಿ ಸಹಿ ಹಾಕಿದ ಒಂದೇ ಮನವಿ ಕೊಡಿ. ಬೇರೆ ಬೇರೆ ಕೊಟ್ಟರೆ ಒಂದನ್ನು ತೋರಿಸಿ ಇನ್ನೊಂದನ್ನು ತಳ್ಳಿಹಾಕುವುದು ಸುಲಭ. ಅಲ್ಲಿಯವರೆಗೆ, ಭಾನುವಾರ ಕಬ್ಬನ್ ಪಾರ್ಕಿನ ಒಳರಸ್ತೆಗಳಿಗೆ ವಾಹನ ಬಿಡುವುದಿಲ್ಲ. ಬೆಳಿಗ್ಗೆ ಅಲ್ಲಿ ಸೈಕಲ್ ಕಲಿಯುವ, ಸ್ಕೇಟಿಂಗ್ ಮಾಡುವ ಮಕ್ಕಳು ಬಹಳ. ರಸ್ತೆ ಅಗಲವಿರುವುದರಿಂದ ನಡೆಯುವವರಿಗೂ ಮಕ್ಕಳಿಗೂ ನಡುವೆ ಅಂತರ ಸಿಗುತ್ತದೆ. ನಾವು ತಿಂಗಳಿಗೆ ಎರಡು ಸಲ ಯಲಹಂಕದಿಂದ ಹೋಗುತ್ತೇವೆ. ಜಯನಗರದಿಂದ ನಿಮಗೆ ಅದು ಹತ್ತಿರವೇ.

ಮತ್ತೆ ಪ್ರಶ್ನೆ ಕೇಳಿದವರು: ಜಯನಗರದ ತಂದೆ

ಎಲ್ಲರಿಗೂ ಮನಃಪೂರ್ವಕ ವಂದನೆ. ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ.

ಶಿಕ್ಷಕಿಯವರು ಹೇಳಿದಂತೆ ಮಗಳನ್ನು ಕರೆದುಕೊಂಡು ಆ ತಾಯಿಯ ಮನೆಗೆ ಹೋದೆವು. ನಾನು ಫೋನ್ ನೋಡುತ್ತಿದ್ದದ್ದನ್ನು ಮೊದಲು ಹೇಳಿದೆ. ಹೇಳುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಅವಳು, "ನಾನು ನಿಮ್ಮ ಸೀರೆ ನೋಡಿದೆ ಅಜ್ಜಿ, ಬ್ರೇಕ್ ಒತ್ತಿದೆ, ನಿಲ್ಲಲಿಲ್ಲ" ಎಂದಳು. ಇಷ್ಟು ದಿನ ನಮ್ಮಲ್ಲಿ ಯಾರಿಗೂ ಅವಳು ಇದನ್ನು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಆ ತಾಯಿ ಅವಳನ್ನು ಎಡಗೈಯಿಂದ ಹತ್ತಿರ ಕರೆದು, ಪ್ಲಾಸ್ಟರಿನಿಂದ ಹೊರಗಿದ್ದ ಬೆರಳುಗಳನ್ನು ಮಡಿಸಿ ಬಿಡಿಸಿ ತೋರಿಸಿದರು. ವೈದ್ಯರು ಗಂಟೆಗೊಮ್ಮೆ ಹೀಗೆ ಮಾಡಲು ಹೇಳಿದ್ದಾರಂತೆ, ಎಣಿಕೆ ತಪ್ಪಿಹೋಗುತ್ತದಂತೆ. ಮಗಳು ಪಕ್ಕದಲ್ಲಿ ಕುಳಿತು ಇಪ್ಪತ್ತರವರೆಗೆ ಎಣಿಸಿದಳು.

ಮನೆಗೆ ಬಂದು ಸ್ಕೂಟರನ್ನು ಅಟ್ಟದಿಂದ ಇಳಿಸಿ ನೋಡಿದೆ. ಹಿಂದಿನ ಬ್ರೇಕಿನ ತಗಡು ಸವೆದು ಸಡಿಲವಾಗಿತ್ತು, ಎಷ್ಟು ಒತ್ತಿದರೂ ಚಕ್ರಕ್ಕೆ ಒಂದು ಅಂಚಷ್ಟೇ ತಾಗುತ್ತಿತ್ತು. ಕೊಡಿಸಿದ ದಿನದಿಂದ ಅದನ್ನು ನಾನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಅದನ್ನು ರಿಪೇರಿ ಮಾಡಿಸಿದ್ದೇನೆ, ಹೆಲ್ಮೆಟ್ ತಂದಿದ್ದೇನೆ. ಪಾರ್ಕಿನ ನಡಿಗೆ ದಾರಿಗೆ ಸ್ಕೂಟರ್ ಒಯ್ಯುವುದನ್ನು ನಿಲ್ಲಿಸಿದ್ದೇವೆ. ರಾಜಾಜಿನಗರದವರ ಮಾತು ನನಗೆ ಸರಿಯೆನಿಸಿದೆ. ಕಳೆದ ಎರಡು ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಹೋಗಿದ್ದೆವು. ಫೋನನ್ನು ಹೆಂಡತಿಯ ಚೀಲದಲ್ಲಿಟ್ಟು ನಾನು ಮಗಳ ಪಕ್ಕದಲ್ಲೇ ಓಡುತ್ತೇನೆ, ಮುಂದೆ ಯಾರಾದರೂ ಕಂಡರೆ ಅವಳು ಇಳಿದು ತಳ್ಳಿಕೊಂಡು ಹೋಗುತ್ತಾಳೆ. ಮೊದಲ ದಿನ ಹನ್ನೊಂದು ಸಲ ನೆನಪಿಸಬೇಕಾಯಿತು, ಎರಡನೆಯ ಭಾನುವಾರ ನಾಲ್ಕು ಸಲ.

ಪಾಲಿಕೆಗೆ ಕೊಡುವ ಮನವಿಗೆ ಇದುವರೆಗೆ ಮೂವತ್ತಾರು ಸಹಿಗಳಾಗಿವೆ. ಆ ದಾಸವಾಳದ ಪೊದೆಯನ್ನು ಸೊಂಟದೆತ್ತರಕ್ಕೆ ಕತ್ತರಿಸಬೇಕೆಂಬುದನ್ನೂ ಅದರಲ್ಲಿ ಸೇರಿಸಿದ್ದೇವೆ. ಆ ತಾಯಿಯ ಪ್ಲಾಸ್ಟರನ್ನು ಬರುವ ಗುರುವಾರ ತೆಗೆಯುತ್ತಾರೆ. ಕರೆದುಕೊಂಡು ಹೋಗಲು ಕಚೇರಿಗೆ ಅರ್ಧ ದಿನ ರಜೆ ಹಾಕಿದ್ದೇನೆ. ಮಗಳಿಗೂ ಬರಬೇಕಂತೆ, ಶಾಲೆ ಬಿಡುವ ಹೊತ್ತಿಗೆ ಸರಿಹೊಂದಿಸಿಕೊಂಡಿದ್ದೇವೆ.